ಜಾಡಿಯ ಮೇಲಿನ ಬಾದಾಮಿ ಕಣ್ಣು

“ಗುರುಗಳೇ, ಒಬ್ಬ ಮನುಷ್ಯನಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು, ಒಂದೇ ಒಂದು ಸಂಗತಿ ಹೊಂದದೆ ಹೋದರೆ, ಅವನನ್ನು ನಂಬಬಹುದೇ?”

ಶಿಷ್ಯ ಇದನ್ನು ಸುಮ್ಮನೆ ಕೇಳಿರಲಿಲ್ಲ. ಆಶ್ರಮಕ್ಕೆ ಹೊಸದಾಗಿ ಬಂದವರ ಪೂರ್ವಾಪರವನ್ನು ವಿಚಾರಿಸುವ ಹೊಣೆ ಅವನದು. ಆ ವರ್ಷ ನಡುವಯಸ್ಸಿನ ಒಬ್ಬ ಮನುಷ್ಯ ಬಂದು ಸೇರಿಕೊಂಡಿದ್ದ. ಹೇಳಿದ ಕೆಲಸ ಮಾಡುತ್ತಿದ್ದ. ಕೇಳಿದಷ್ಟಕ್ಕೆ ಉತ್ತರ ಕೊಡುತ್ತಿದ್ದ. ಮರುದಿನ ಬೆಳಿಗ್ಗೆ ಅವನಿಗೆ ದೀಕ್ಷೆಯಾಗಬೇಕಿತ್ತು. ಹೆಂಡತಿ ಮಕ್ಕಳ ಕೈಬಿಟ್ಟು ಬಂದವರಿಗೆ ಆ ಆಶ್ರಮದಲ್ಲಿ ದೀಕ್ಷೆ ಇರಲಿಲ್ಲ. ಆ ಬಗ್ಗೆ ವಿಚಾರಿಸಿದಾಗ ಅವನು, “ನನಗೆ ಯಾರೂ ಇಲ್ಲ” ಎಂದಿದ್ದ.

“ಯಾವುದು ಹೊಂದುವುದಿಲ್ಲ?” ಎಂದು ಗುರುಗಳು ಕೇಳಿದರು.

“ಊಟಕ್ಕೆ ಕುಳಿತಾಗ ಅವನು ಮೊದಲ ತುತ್ತನ್ನು ನುಣ್ಣಗೆ ಕಲಸುತ್ತಾನೆ. ಊದಿ ಆರಿಸುತ್ತಾನೆ. ಆಮೇಲೆ ಎಲೆಯ ಅಂಚಿಗೆ ಇಟ್ಟುಬಿಡುತ್ತಾನೆ, ತಿನ್ನುವುದಿಲ್ಲ.”

“ದೇವರಿಗೆಂದು ಇಡುತ್ತಿರಬಹುದು.”

“ದೇವರಿಗೆ ಇಡುವ ತುತ್ತನ್ನು ಊದಿ ಎಂಜಲು ಮಾಡುವವರುಂಟೇ, ಗುರುಗಳೇ? ಅದು ಮಗುವಿಗೆ ಉಣಿಸಿದ ಕೈ. ಏನಯ್ಯಾ ಇದು ಎಂದು ಕೇಳಿದರೆ ‘ಅಭ್ಯಾಸ’ ಎನ್ನುತ್ತಾನೆ. ಯಾರೂ ಇಲ್ಲದವನಿಗೆ ಈ ಅಭ್ಯಾಸ ಎಲ್ಲಿಂದ ಬಂತು? ಎಲ್ಲಿಯೋ ಒಂದು ಕೂಸನ್ನು ಬಿಟ್ಟು ಬಂದು ನಮ್ಮೆದುರು ಸುಳ್ಳು ಹೇಳುತ್ತಿದ್ದಾನೆ. ಬೆಳಗಿನ ಬಸ್ಸಿಗೆ ಕಳುಹಿಸಿಬಿಡೋಣ ಎಂದುಕೊಂಡಿದ್ದೇನೆ. ನೀವು ಒಪ್ಪಿಗೆ ಕೊಡಬೇಕು.”

ಗುರುಗಳು ಒಪ್ಪಿಗೆ ಕೊಡಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವರು ಪೂರ್ವಾಶ್ರಮದಲ್ಲಿ ಪ್ರಾಚೀನ ಚಿತ್ರಗಳ ವಿದ್ಯೆಯನ್ನು ಕಲಿತವರು. ಅದಕ್ಕಾಗಿ ಕೆಲವು ವರ್ಷ ಗ್ರೀಕರ ನಾಡಿನಲ್ಲಿ ಇದ್ದವರು. ಆ ಕಡೆಯ ಮಾತನ್ನು ಅವರು ಎತ್ತುತ್ತಿದ್ದುದು ಅಪರೂಪ. ಅಂದು ಎತ್ತಿದರು.

ಗ್ರೀಕರ ನಾಡಿನ ಒಂದು ಬಂದರು ಪಟ್ಟಣದಲ್ಲಿ ಒಬ್ಬ ವಿದುಷಿ ಇದ್ದಳು. ಮಣ್ಣಿನಡಿಯಿಂದ ಬಂದ ಹಳೆಯ ಜಾಡಿಗಳ ಮೇಲಿನ ಚಿತ್ರಗಳನ್ನು ಓದುವುದು ಅವಳ ವಿದ್ಯೆ. ಇದು ಪುರಾಣದ ಯಾವ ಸನ್ನಿವೇಶ ಎಂದು ಹೇಳಬೇಕು. ಯಾವ ಕಾಲದಲ್ಲಿ ಬರೆದದ್ದು ಎಂದೂ ಹೇಳಬೇಕು. ಸನ್ನಿವೇಶವನ್ನು ಗುರುತುಗಳಿಂದ ತಿಳಿಯುತ್ತಾರೆ. ಸಿಂಹದ ತೊಗಲು ಹೊದ್ದಿದ್ದರೆ ಹೆರಾಕ್ಲಿಸ್. ಪಾದರಕ್ಷೆಗೆ ರೆಕ್ಕೆಯಿದ್ದು ಕೈಯಲ್ಲಿ ದಂಡವಿದ್ದರೆ ದೇವತೆಗಳ ದೂತ. ಕೊಳಲು ಕಂಡೊಡನೆ ನಾವು ಕೃಷ್ಣ ಎನ್ನುವುದಿಲ್ಲವೇ, ಹಾಗೆ. ಕಾಲವನ್ನು ತಿಳಿಯುವುದು ಕಷ್ಟ. ಜಾಡಿಯ ಮೇಲೆ ಇಸವಿ ಬರೆದಿರುವುದಿಲ್ಲ. ಜಾಡಿಯ ಕುತ್ತಿಗೆ ಎಷ್ಟು ಸಣ್ಣ, ಬಟ್ಟೆಯ ಮಡಿಕೆ ಹೇಗೆ ಬಿದ್ದಿದೆ, ಕಣ್ಣನ್ನು ಹೇಗೆ ಬರೆದಿದ್ದಾರೆ, ಇವುಗಳಿಂದಲೇ ಕಾಲವನ್ನು ಕಟ್ಟಬೇಕು.

ಅಲ್ಲಿನ ಹಳೆಯ ಚಿತ್ರಗಾರರು ಕೆಂಪು ಮಣ್ಣಿನ ಮೇಲೆ ಕಪ್ಪು ಆಕೃತಿಗಳನ್ನು ಬರೆಯುತ್ತಿದ್ದರು. ಆ ಕಪ್ಪನ್ನು ಮೊನೆಯಿಂದ ಕೊರೆದು ಕಣ್ಣು, ಬೆರಳು, ಮಡಿಕೆಗಳನ್ನು ತೋರಿಸುತ್ತಿದ್ದರು. ಅವರಲ್ಲಿ ಒಂದು ಕಟ್ಟಳೆ ಇತ್ತು. ಗಂಡಸಿನ ಮೈ ಕಪ್ಪು, ಕಣ್ಣು ದುಂಡಗೆ. ಹೆಂಗಸಾದರೆ ಕಪ್ಪಿನ ಮೇಲೆ ಬಿಳಿಯ ಬಣ್ಣ ಬಳಿಯುವುದು, ಕಣ್ಣನ್ನು ಬಾದಾಮಿಯ ಹಾಗೆ ಉದ್ದಕ್ಕೆ ಕೊರೆಯುವುದು. ಮುಂದಿನ ತಲೆಮಾರಿನವರು ಕಟ್ಟಳೆಯನ್ನು ಸಡಿಲಿಸಿದರು. ಗಂಡಸಿನ ಕಣ್ಣೂ ಉದ್ದವಾಗುತ್ತ ಹೋಯಿತು. ಆದ್ದರಿಂದ ಕಣ್ಣನ್ನು ನೋಡಿ ಕಾಲವನ್ನು ಹೇಳಬಹುದು. ಈ ವಿದುಷಿ ಅದರಲ್ಲಿ ಎಷ್ಟು ನುರಿತವಳೆಂದರೆ, ಬೇರೆ ಊರಿನ ಪಂಡಿತರು ತಮ್ಮ ಜಗಳಗಳನ್ನು ಅವಳ ಬಳಿಗೆ ತರುತ್ತಿದ್ದರು. ಅವಳು ಒಮ್ಮೆ ಹೇಳಿದ ಮೇಲೆ ಮತ್ತೆ ಯಾರೂ ಮಾತಾಡುತ್ತಿರಲಿಲ್ಲ.

ಅದೇ ಪಟ್ಟಣದ ಹೊರಗೆ ಒಬ್ಬ ಕುಂಬಾರ ಇದ್ದ. ಹಳೆಯ ಜಾಡಿಗಳನ್ನು ನೋಡಿ, ಅಂಥವನ್ನೇ ಮಾಡಿ, ಯಾತ್ರಿಕರಿಗೆ ಮಾರುವುದು ಅವನ ಕಸುಬು. ಹೊಸದು ಎಂದು ಹೇಳಿಯೇ ಮಾರುತ್ತಿದ್ದ. ಒಂದು ದಿನ ಜೇಡಿಮಣ್ಣು ತೆಗೆಯುವಾಗ ಅವನ ಗುದ್ದಲಿಗೆ ಕಲ್ಲಿನ ಗೋರಿಯೊಂದು ತಾಗಿತು. ಅದರೊಳಗೆ ಒಂದು ಜಾಡಿ ಇತ್ತು. ಆ ನಾಡಿನ ಕಾನೂನಿನಂತೆ ಅಂಥ ವಸ್ತುವನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಅವನು ಒಪ್ಪಿಸಲು ಬಂದ. ಒಗೆದ ಅಂಗಿ ತೊಟ್ಟು, ಜಾಡಿಯನ್ನು ಕೂಸಿನಂತೆ ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ಜಾಡಿಯೂ ಅಂಗಿಯಷ್ಟೇ ಶುಭ್ರವಾಗಿತ್ತು.

ವಿದುಷಿ ಜಾಡಿಯನ್ನು ಮೇಜಿನ ಮೇಲಿಟ್ಟು ನೋಡಿದಳು. ಇಬ್ಬರು ಯೋಧರ ಕಾಳಗ. ಒಬ್ಬ ಮೇಲಿನಿಂದ ಭರ್ಜಿ ಇಳಿಸುತ್ತಿದ್ದಾನೆ. ಇನ್ನೊಂದು ಆಕೃತಿ ಮಂಡಿಯೂರಿ ಬೀಳುತ್ತ, ಕತ್ತು ಹೊರಳಿಸಿ, ಕೊಲ್ಲುವವನ ಮುಖವನ್ನು ನೋಡುತ್ತಿದೆ. ಗೆದ್ದವನ ಪಕ್ಕದಲ್ಲಿ ಗ್ರೀಕರ ಮಹಾವೀರ ಅಖಿಲೀಸನ ಹೆಸರಿತ್ತು. ಬಿದ್ದ ಯೋಧನ ಪಕ್ಕದಲ್ಲಿ ಜಾಡಿಯ ಚೂರು ಹಾರಿ ಹೋಗಿತ್ತು. ಹೆಸರಿದ್ದರೂ ಅದು ಚೂರಿನೊಂದಿಗೆ ಹೋಗಿರಬೇಕು. ಅಖಿಲೀಸನ ಕೈಯಲ್ಲಿ ಸತ್ತ ಶೂರರಲ್ಲಿ ಮೊದಲು ನೆನಪಾಗುವವನು ಹೆಕ್ಟರ್. ವಿದುಷಿ ಅವನೇ ಎಂದುಕೊಂಡಳು.

ಜಾಡಿಯ ಆಕಾರ ಹಳೆಯದು. ಮಡಿಕೆಗಳ ರೀತಿ ಹಳೆಯದು. ಗೆದ್ದವನ ಕಣ್ಣು ದುಂಡಗೆ ಇತ್ತು; ಅದೂ ಹಳೆಯದೇ. ಬಿದ್ದ ಯೋಧನ ಕಣ್ಣು ಮಾತ್ರ ಬಾದಾಮಿಯ ಹಾಗೆ ಇತ್ತು.

ಅವಳು ಮತ್ತೆ ಮತ್ತೆ ನೋಡಿದಳು. ಬಿಳಿಯ ಬಣ್ಣವಿಲ್ಲ, ಆದ್ದರಿಂದ ಹೆಣ್ಣಲ್ಲ. ಹೆಣ್ಣಲ್ಲದ ಮೇಲೆ ಈ ಕಣ್ಣೇಕೆ? ಹಳೆಯ ಕಾಲದವನು ಗಂಡಸಿಗೆ ಹೀಗೆ ಕಣ್ಣು ಬರೆಯಲಾರ. ನಂತರದ ಕಾಲದವನು ಉಳಿದುದನ್ನೆಲ್ಲ ಹಾಗೆ ಬರೆಯಲಾರ. ಎರಡು ಕಾಲಗಳನ್ನು ಒಂದೇ ಜಾಡಿಯಲ್ಲಿ ಬೆರೆಸಬಲ್ಲವನು ಎರಡನ್ನೂ ನೋಡಿ ನಕಲು ಮಾಡಿದವನು ಮಾತ್ರ.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. “ಸರಿಯಾಗಿಯೇ ಇದೆಯಲ್ಲ, ಗುರುಗಳೇ. ಅದು ನಕಲಿಯೇ.”

“ಅವಳೂ ಹಾಗೆಂದೇ ತಿಳಿದಳು,” ಎಂದು ಗುರುಗಳು ಮುಂದುವರಿಸಿದರು.

‘ಇದನ್ನು ಮಾಡಿದವರು ಯಾರು?’ ಎಂದು ವಿದುಷಿ ಕೇಳಿದಳು.

‘ಸತ್ತವರು, ಅಮ್ಮಾ. ನಾನು ಅಗೆದವನು.’

‘ನೀನೇ ಮಾಡಿದ್ದಲ್ಲವೇ?’

ಕುಂಬಾರ ನಕ್ಕುಬಿಟ್ಟ. ‘ನಾನು ಮಾಡಿದ್ದರೆ ಗಂಡಸಿಗೆ ಗಂಡಸಿನ ಕಣ್ಣೇ ಇಡುತ್ತಿದ್ದೆ. ಹೊಟ್ಟೆಪಾಡು, ಅಮ್ಮಾ. ಇಂಥ ಕಣ್ಣು ಬರೆದರೆ ನನ್ನ ಹೆಂಡತಿಯೂ ಆ ಜಾಡಿಯನ್ನು ಕೊಳ್ಳುವುದಿಲ್ಲ.’

ವಿದುಷಿಗೆ ಅದು ಉದ್ಧಟತನವಾಗಿ ಕಂಡಿತು. ಜಾಡಿ ಈ ಕಾಲದ ನಕಲು ಎಂದು ತೀರ್ಪು ಬರೆದಳು.

ಆ ನಾಡಿನಲ್ಲಿ ಹೊಸದನ್ನು ಹಳೆಯದೆಂದು ತಂದು ಒಪ್ಪಿಸುವುದು ಅಪರಾಧ. ತಂದವನು ಕುಂಬಾರನಾಗಿದ್ದರೆ ಅವನ ಆವಿಗೆಯ ಬಾಯಿ ಮುಚ್ಚಿ ಮುದ್ರೆ ಹಾಕುತ್ತಾರೆ. ಅವನು ಮತ್ತೆ ಮಡಕೆ ಸುಡುವಂತಿಲ್ಲ. ಈ ಕುಂಬಾರನ ಆವಿಗೆ ಅವನ ಅಜ್ಜ ಕಟ್ಟಿದ್ದು. ಬೇರೆ ಕಸುಬು ಅವನಿಗೆ ತಿಳಿಯದು. ಮುದ್ರೆ ಬೀಳುವ ಮೊದಲೇ ಸುದ್ದಿ ಊರನ್ನು ಮುಟ್ಟಿತು. ಯಾತ್ರಿಕರು ಅವನ ಅಂಗಡಿಯ ಮುಂದೆ ನಿಲ್ಲದಾದರು. ನೆರೆಯವರು ಅವನಿಂದ ನೀರಿನ ಹೂಜಿ ಕೊಳ್ಳುವುದನ್ನೂ ಬಿಟ್ಟರು. ಮೋಸಗಾರನ ಹೂಜಿ, ನೀರು ನಿಂತೀತೇ ಎಂದು ಅವನಿಗೆ ಕೇಳುವಂತೆಯೇ ನಕ್ಕರು. ಕುಂಬಾರ ಯಾರ ಬಾಗಿಲಿಗೂ ಹೋಗಿ ವಾದಿಸಲಿಲ್ಲ. ಅಗೆದದ್ದನ್ನು ಅಗೆದೆ ಎಂದಿದ್ದೇನೆ, ಇನ್ನೇನು ಹೇಳಲಿ ಎಂದು ಮಡಕೆಯ ತಿಗರಿ ತಿರುಗಿಸುತ್ತ ಕುಳಿತ.

ಮುದ್ರೆ ಹಾಕುವ ದಿನ ತೀರ್ಪು ಕೊಟ್ಟವರು ಸ್ಥಳದಲ್ಲಿರಬೇಕು ಎಂಬ ನಿಯಮವಿತ್ತು. ಹಾಗಾಗಿ ವಿದುಷಿ ಮೊದಲ ಬಾರಿಗೆ ಆ ಕುಂಬಾರನ ಮನೆಗೆ ಹೋದಳು. ಅಧಿಕಾರಿ ಹೊರಗೆ ಅರಗು ಕರಗಿಸುತ್ತಿದ್ದ. ಅವಳು ಅಂಗಡಿಯೊಳಗೆ ಕಾಯುತ್ತ ನಿಂತಳು.

ಗೋಡೆಯುದ್ದಕ್ಕೂ ಜಾಡಿಗಳಿದ್ದವು. ಯೋಧರು, ಕುದುರೆ ಸವಾರರು, ಗಡ್ಡದ ದೇವತೆಗಳು. ಅವಳ ಕಣ್ಣು ತಾನಾಗಿಯೇ ಅವರ ಕಣ್ಣುಗಳ ಮೇಲೆ ಹೋಯಿತು. ಎಲ್ಲವೂ ದುಂಡಗಿದ್ದವು. ಅವಳು ಹತ್ತಿರ ಹೋದಳು. ತಪ್ಪಾಗಿ ಬರೆದ ಒಂದು ಕಣ್ಣಾದರೂ ಸಿಗಲಿ ಎಂದು ಒಂದೊಂದೇ ಜಾಡಿಯನ್ನು ತಿರುಗಿಸಿ ನೋಡಿದಳು. ಸಿಗಲಿಲ್ಲ. ಇವನ ಕೈ ಇಷ್ಟು ಜಾಡಿಗಳಲ್ಲಿ ಎಲ್ಲಿಯೂ ತಪ್ಪದೆ, ಸಂಗ್ರಹಾಲಯಕ್ಕೆ ಒಯ್ಯುವ ಒಂದರಲ್ಲಿ ಮಾತ್ರ ತಪ್ಪಿತೇ? ಅವನು ಅಂದು ನಕ್ಕು ಹೇಳಿದ ಮಾತು ನೆನಪಾಯಿತು. ಅಂದು ಅದು ಉತ್ತರವಾಗಿತ್ತು. ತಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಅಂಗಳದಲ್ಲಿ ಕುಂಬಾರ ಕುಳಿತು ಕೊನೆಯ ಸುಡುವಿಕೆಯ ಜಾಡಿಗಳನ್ನು ತೊಳೆಯುತ್ತಿದ್ದ. ದ್ರಾಕ್ಷಿಯ ಹುಳಿಯಲ್ಲಿ, ವಿನೆಗರ್ ಎನ್ನುತ್ತೇವಲ್ಲ, ಅದರಲ್ಲಿ ಕುಂಚವನ್ನು ಅದ್ದಿ ತಿಕ್ಕುತ್ತಿದ್ದ. ಅವನ ಮನೆಯಿಂದ ತೊಳೆಯದ ಪಾತ್ರೆ ಹೊರಗೆ ಹೋಗುವಂತಿಲ್ಲ. ಅಜ್ಜನ ಕಾಲದಿಂದ ಬಂದ ರೂಢಿ ಅದು. ಮರುದಿನದಿಂದ ಕೊಳ್ಳುವವರಿಲ್ಲ ಎಂದು ತಿಳಿದೂ ಅವನು ತೊಳೆಯುತ್ತಿದ್ದ.

ವಿದುಷಿ ಅವನ ಎದುರು ನಿಂತಳು. ‘ಆ ಜಾಡಿಯನ್ನೂ ಹೀಗೆಯೇ ತೊಳೆದೆಯಾ?’

‘ಮತ್ತೇನು, ಅಮ್ಮಾ, ಹೆಣದ ಪಕ್ಕದಲ್ಲಿ ಬಿದ್ದಿದ್ದನ್ನು ಹಾಗೆಯೇ ನಿಮ್ಮ ಮೇಜಿನ ಮೇಲೆ ಇಡಲೇ? ಅರ್ಧ ದಿನ ತಿಕ್ಕಿದೆ. ಗೋರಿಯ ಸುಣ್ಣ, ಬಿಡಲೊಲ್ಲದು.’

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಅಂದಳು: ‘ನನ್ನ ಅಡುಗೆಯ ಪಾತ್ರೆಗಳನ್ನು ಒಂದು ದಿನವೂ ಹೀಗೆ ತಿಕ್ಕಿದವರಲ್ಲ. ತಿಕ್ಕಿದ್ದಕ್ಕೆ ಬಂದ ಬಹುಮಾನ ನೋಡಿ, ಹೊರಗೆ ಅರಗು ಕುದಿಯುತ್ತಿದೆ.’

‘ಸುಣ್ಣ ಎಲ್ಲಿ ಹತ್ತಿತ್ತು?’ ಎಂದಳು ವಿದುಷಿ.

‘ಬಿದ್ದವನ ಮೇಲೆ. ಮುಖಕ್ಕೆ, ತೋಳಿಗೆ, ತೊಡೆಗೆ.’

‘ಕವಚದ ಮೇಲೆ?’

‘ಅಲ್ಲಿ ಇರಲಿಲ್ಲ.’

‘ಗೆದ್ದವನ ಮೇಲೆ?’

ಕುಂಬಾರ ಕುಂಚವನ್ನು ಕೆಳಗಿಟ್ಟು ನೆನಪು ಮಾಡಿಕೊಂಡ. ‘ಇಲ್ಲ. ಅಲ್ಲಿಯೂ ಇರಲಿಲ್ಲ.’

ಗೋರಿಯ ಸುಣ್ಣ ಒಬ್ಬರ ಮುಖ, ತೋಳು, ತೊಡೆಗಳನ್ನು ಹುಡುಕಿಕೊಂಡು ಹೋಗಿ ಹತ್ತುವುದಿಲ್ಲ. ವಿದುಷಿ ಹೊರಗೆ ಬಂದು, ಮುದ್ರೆ ಹಾಕಬೇಡಿ ಎಂದಳು. ತೀರ್ಪು ನಿಮ್ಮದೇ ಅಲ್ಲವೇ ಎಂದು ಅಧಿಕಾರಿ ಕೇಳಿದ. ನನ್ನದೇ, ಅದಕ್ಕಾಗಿಯೇ ತಡೆಯುತ್ತಿದ್ದೇನೆ ಎಂದಳು. ಅಧಿಕಾರಿ ಗೊಣಗುತ್ತ ಅರಗನ್ನು ಆರಲು ಬಿಟ್ಟ.

ಸಂಗ್ರಹಾಲಯಕ್ಕೆ ಮರಳಿ ಅವಳು ಜಾಡಿಯನ್ನು ಕಿಟಕಿಯ ಬಳಿಗೆ ಒಯ್ದಳು. ಸಂಜೆಯ ಓರೆ ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಜಾಡಿಯ ಕಪ್ಪೆಲ್ಲ ಗಾಜಿನಂತೆ ಹೊಳೆಯಿತು. ಬಿದ್ದ ಯೋಧನ ಮುಖ, ತೋಳು, ತೊಡೆಗಳಲ್ಲಿ ಮಾತ್ರ ಹೊಳಪಿರಲಿಲ್ಲ. ಬಳಿದ ಬಿಳಿಯ ಬಣ್ಣ ಹೋಗಿ, ಅದು ಇದ್ದ ಜಾಗ ಮಂಕಾಗಿ ಉಳಿದಿತ್ತು. ಬಣ್ಣ ಮೇಲೆ ಹಚ್ಚಿದ್ದು, ತಿಕ್ಕಿದಾಗ ಹೋಯಿತು. ಕಣ್ಣು ಕೊರೆದದ್ದು; ಹೋಗಲಿಲ್ಲ.

ಬಿದ್ದವನು ಬಿದ್ದವಳಾಗಿದ್ದಳು. ಹೆಂಗಸರೇ ಕಟ್ಟಿದ ಸೈನ್ಯದ ರಾಣಿ, ಪೆಂಥೆಸಿಲಿಯ. ಗಂಡಸರ ಕವಚ ತೊಟ್ಟು ಕಾದಿದವಳು. ಭರ್ಜಿ ಎದೆಗೆ ಇಳಿದ ಮೇಲೆಯೇ ಅಖಿಲೀಸ್ ಅವಳ ಮುಖವನ್ನು ಕಂಡನೆಂದೂ, ಕಂಡ ಕ್ಷಣದಲ್ಲಿ ಅವಳಿಗೆ ಮನಸೋತನೆಂದೂ, ಆಗ ಭರ್ಜಿಯನ್ನು ಕಿತ್ತುಕೊಂಡರೂ ಪ್ರಯೋಜನವಾಗಲಿಲ್ಲವೆಂದೂ ಅಲ್ಲಿಯ ಪುರಾಣ ಹೇಳುತ್ತದೆ. ಚಿತ್ರಗಾರ ಅದೇ ಕ್ಷಣವನ್ನು ಬರೆದಿದ್ದ. ಅವನು ಎಲ್ಲಿಯೂ ಕಟ್ಟಳೆ ತಪ್ಪಿರಲಿಲ್ಲ. ಜಾಡಿಯ ಆಕಾರ, ಮಡಿಕೆ, ಎರಡು ಕಣ್ಣು ಎಲ್ಲವೂ ಒಂದೇ ಕಾಲಕ್ಕೆ ಸಂದವು. ಆ ಜಾಡಿ ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನದಾಗಿತ್ತು.

ವಿದುಷಿ ತನ್ನ ತೀರ್ಪನ್ನು ತಾನೇ ಹೊಡೆದುಹಾಕಿ, ಬೇರೆಯ ತೀರ್ಪು ಬರೆದಳು. ಆಳಿನ ಕೈಯಲ್ಲಿ ಹೇಳಿಕಳುಹಿಸಬಹುದಿತ್ತು. ಹಾಗೆ ಮಾಡದೆ, ಮರುದಿನ ತಾನೇ ಕುಂಬಾರನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಹೆಂಡತಿ ತಲೆವಸ್ತ್ರದಲ್ಲಿ ಮುಖ ಒರಸಿಕೊಂಡು ಆವಿಗೆಯ ಕಡೆ ಓಡಿದಳು. ಕುಂಬಾರ ಮಾತ್ರ ಸಂತೋಷಪಡಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ.

‘ಹಾಗಾದರೆ, ಅಮ್ಮಾ, ಆ ತಾಯಿಯ ಮೈಯನ್ನು ತಿಕ್ಕಿ ತೆಗೆದವನು ನಾನು.’

‘ಬಣ್ಣವನ್ನು ತೆಗೆದವರು ನೀವು,’ ಎಂದಳು ವಿದುಷಿ. ‘ಅವಳನ್ನೇ ತೆಗೆದುಹಾಕಿದವಳು ನಾನು.’

ಕುಂಬಾರ ಎದ್ದು ಒಳಗೆ ಹೋಗಿ ಒಂದು ಬಟ್ಟಲು ತಂದ. ಅದರಲ್ಲಿ ನಯವಾಗಿ ಅರೆದ ಬಿಳಿಯ ಮಣ್ಣಿತ್ತು. ‘ಒಂದು ಗಳಿಗೆಯ ಕೆಲಸ. ಇದ್ದ ಹಾಗೆಯೇ ಹಚ್ಚಿಕೊಡುತ್ತೇನೆ. ನನ್ನ ಮನಸ್ಸಿಗೂ ಸಮಾಧಾನವಾಗುತ್ತದೆ.’

ವಿದುಷಿ ಬಟ್ಟಲನ್ನು ಕೈಯಲ್ಲಿ ತೆಗೆದುಕೊಂಡಳು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಅವನಿಗೇ ಹಿಂದಿರುಗಿಸಿದಳು.

‘ಬೇಡ. ಆ ಕಣ್ಣು ಸಾಕು.’

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಪೂರ್ತಿ ಸಮಾಧಾನವಾಗಿರಲಿಲ್ಲ.

“ಆದರೆ, ಗುರುಗಳೇ, ಆ ಕುಂಬಾರ ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಹೇಳಿದ. ನಮ್ಮವನು ಏನನ್ನೂ ಬಿಡಿಸಿ ಹೇಳುವುದಿಲ್ಲವಲ್ಲ. ಎಷ್ಟು ಸಲ ಕೇಳಿದರೂ ‘ಯಾರೂ ಇಲ್ಲ’ ಎನ್ನುತ್ತಾನೆ. ಆ ತುತ್ತನ್ನು ಮಾತ್ರ ಇಡುವುದು ಬಿಡುವುದಿಲ್ಲ.”

“ಅವನು ಸುಳ್ಳು ಹೇಳಿಲ್ಲಪ್ಪಾ,” ಎಂದರು ಗುರುಗಳು. “ಯಾರೂ ಇಲ್ಲ ಎಂದನೇ ಹೊರತು, ಯಾರೂ ಇರಲಿಲ್ಲ ಎನ್ನಲಿಲ್ಲ. ಅವನಲ್ಲಿ ತೊಳೆದುಹೋಗದೆ ಉಳಿದಿರುವುದು ಆ ತುತ್ತೊಂದೇ.”

ಊಟದ ಗಂಟೆ ಕೇಳಿಸಿತು. ಶಿಷ್ಯ ಕುಳಿತೇ ಇದ್ದ.